ಗಂಟು ಕಟ್ಟಿದ ಬಾಟ್ಲಿಗಳು

ಹುಣಶಿಹಳ್ಳದ ಒಡ್ಡು: ಒಂಬತ್ತನೆಯ ಕಂತು

"ಇನ್ನೂ ಎಷ್ಟೊತ್ತು ಕುಂದರೋಣ್ರಿ ಮುತ್ಯಾ?"

"ಮಣ್ಣು ತಳಕ್ಕ ಕುಂದರೂತನಾ."

ಆಮ್ರಪಾಲಿ ಮತ್ತೊಮ್ಮೆ ಗಡಿಯಾರ ನೋಡಿಕೊಂಡಳು. ನಾನು ಗ್ಲಾಸು ನೋಡುತ್ತಿದ್ದೆ. ಒಡ್ಡಿನ ಬುಡದಲ್ಲಿ ಹುಲ್ಲು ದಟ್ಟಗೆ ಬೆಳೆದ ಕಡೆ, ನೆಲದಿಂದ ಬೆರಳು ಗಾತ್ರದ ನೀರು ಬುಳುಬುಳು ಏಳುತ್ತಿತ್ತು. ಅದನ್ನು ಗ್ಲಾಸಿನಲ್ಲಿ ಹಿಡಿದು ಕಲ್ಲಿನ ಮೇಲಿಟ್ಟು, ಅದರ ಮುಂದೆ ನಾವಿಬ್ಬರೂ ಕೂತು ಅರ್ಧ ತಾಸಾಗಿತ್ತು.

"ಮಂದಿ ಫಾಲ್ಸ್ ನೋಡಾಕಂತ ಎಲ್ಲೆಲ್ಲಿಂದೋ ಗೋಕಾಕಕ್ಕ ಬರ್ತಾರ. ನಾವ ನೋಡ್ರಿ, ಸೋರೂ ನೀರು ನೋಡ್ಕೋತ ಕುಂತೇವಿ."

"ಇದೂ ಫಾಲ್ಸ್ ಆಗಬಾರದಂತ ಕುಂತೇವಿ ತಂಗಿ."

ಅವಳು ನಗಲಿಲ್ಲ. ನಾನೂ ನಗಿಸಲು ಹೇಳಿರಲಿಲ್ಲ.

ಈ ಹುಡುಗಿ ಹತ್ತರಗಿಯವಳು. ಹುಕ್ಕೇರಿಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಬಂದು ನಾಲ್ಕು ತಿಂಗಳು. ಬಂದವಳ ಕೊರಳಿಗೆ ಬಿದ್ದದ್ದು ಈ ಒಡ್ಡು: ತಳದ ಪೈಪನ್ನು ಯಾರೋ ಮುಚ್ಚಿದ್ದರು, ಕಾವಲುಗಾರ ಬೀರಸಿದ್ದಪ್ಪ ಹೋದ ಸೋಮವಾರ ಸಂಜೆಯಿಂದ ಕಾಣೆಯಾಗಿದ್ದ, ಅವನ ಸೈಕಲ್ಲು ಒಡ್ಡಿನ ಮೇಲೆ ಒಂಟಿಯಾಗಿ ಬಿದ್ದಿತ್ತು. ಬೀರಸಿದ್ದಪ್ಪನಿಗಿಂತ ಮೊದಲು ಮೂವತ್ತೊಂದು ವರ್ಷ ಈ ಒಡ್ಡು ಕಾದವನು ನಾನು, ಮಾಲಿಂಗಪ್ಪ. ಅದಕ್ಕೇ ಅವಳು ನನ್ನ ಮನೆ ಬಾಗಿಲಿಗೆ ಬಂದಿದ್ದಳು.

ಗ್ಲಾಸು ತಿಳಿಯಾಯಿತು. ತಳದಲ್ಲಿ ಉಗುರಿನಷ್ಟು ದಪ್ಪ ಮಣ್ಣು ಕೂತಿತ್ತು. ಕೆಂಪು.

ಮಣ್ಣಿನ ಒಡ್ಡು ಸೋರುವುದು ತಪ್ಪಲ್ಲ. ಸೋರದ ಒಡ್ಡು ನಾನು ಕಂಡಿಲ್ಲ. ಬರೇ ನೀರು ಬಂದರೆ ಒಡ್ಡು ಬೆವರಿತು ಅನ್ನಬೇಕು. ನೀರಿನ ಕೂಡ ಮಣ್ಣು ಬಂದರೆ ಒಡ್ಡು ಒಳಗೊಳಗೇ ಕರಗುತ್ತಿದೆ ಅನ್ನಬೇಕು. ಇದನ್ನು ನನಗೆ ಯಾವ ಸಾಲಿಯೂ ಕಲಿಸಲಿಲ್ಲ.

"ಕೆಂಪು ಅಂದ್ರ?" ಆಮ್ರಪಾಲಿ ಕೇಳಿದಳು.

"ಮೈಮ್ಯಾಲಿನ ಮಣ್ಣು. ಹೊರಗಿನ ಅಂಗಿ. ಒಳಗ ಹೊಟ್ಟ್ಯಾಗ ಹಳದಿ ಮಣ್ಣು ಐತಿ. ಕುಂಬಾರ ಹೊಂಡದಿಂದ ಕತ್ತೆ ಮ್ಯಾಲ ಹೇರಿಕೊಂಡು ಬಂದು, ಎತ್ತು ಹೊಡದು ತುಳಿಸಿದ್ವಿ. ಆವಾಗ ನನಗ ಹದಿನಾರು. ಹಳದಿ ಗಟ್ಟಿ ಇರೂತನಾ ಒಡ್ಡು ನಿಂದ್ರತೈತಿ."

ಅವಳು ಗ್ಲಾಸಿನ ಫೋಟೋ ಹೊಡೆದು ತನ್ನ ಸಾಹೇಬರಿಗೆ ಕಳಿಸಿ, ಫೋನು ಹಚ್ಚಿದಳು. ಆ ಕಡೆಯ ದನಿ ನನಗೂ ಕೇಳುತ್ತಿತ್ತು.

"ಒಂದ ಗ್ಲಾಸು ನೀರು ತೋರಿಸಿ ನಾಲ್ಕು ದೊಡ್ಡ ಪಂಪು ಕಳಸ್ರಿ ಅಂದ್ರ ಹ್ಯಾಂಗಮ್ಮಾ? ಹೋದ ವರ್ಷದ ವರದಿಯಾಗ ಸುರಕ್ಷಿತ ಅಂತ ಐತಿ."

"ಆ ವರದಿ ಬರದವ್ರು ಒಡ್ಡಿನ ಮ್ಯಾಲ ನಿಂತು ಫೋಟೋ ಹೊಡಕೊಂಡು ಹೋಗ್ಯಾರ ಸರ್. ಕೆಳಗ ಇಳದ ಇಲ್ಲ."

"ವಾರವಾರದ ದಾಖಲೆ ಐತೇನು? ಮೂರು ತಿಂಗಳಿಂದ ಮಣ್ಣು ಬರಾಕತ್ತೈತಿ ಅಂತ ತೋರಸು, ನಾ ಮುಂದ ಮಾತಾಡ್ತೇನಿ. ಮತ್ತ ಆ ಕಡತ ಮೊದಲ ಹುಡುಕು."

ಕಡತದ ಮಾತು ಬಂದರೆ ಆಮ್ರಪಾಲಿಯ ಮುಖ ಸಣ್ಣದಾಗುತ್ತದೆ. ಒಡ್ಡು ಇರುವುದು ಹುಕ್ಕೇರಿಯ ಅಂಚಿಗೆ. ಅದರ ನಕಾಶೆ ಗೋಕಾಕದಲ್ಲಿ. ಮೂಡಲಗಿ ಬೇರೆ ತಾಲೂಕು ಆದಾಗ ಗಂಟುಗಟ್ಟಿ ಒಯ್ದ ಕಾಗದಗಳೊಳಗೆ ಇದರ ಕಡತವೂ ಸೇರಿ ಹೋಗಿತ್ತು. ಅವಳು ಮೂರೂ ಕಡೆ ಬಸ್ಸಿನಲ್ಲಿ ಓಡಾಡಿದಳು. ಒಂದು ಕಡೆ ಕೀಲಿ ಇಟ್ಟವರು ರಜೆ, ಇನ್ನೊಂದು ಕಡೆ ಕಪಾಟಿದೆ ಕೀಲಿ ಇಲ್ಲ, ಮತ್ತೊಂದು ಕಡೆ ಕೇಳಿದ್ದಕ್ಕೇ ಸಿಟ್ಟು.

ಪಶ್ಚಿಮಕ್ಕೆ, ಯಮಕನಮರಡಿ ಗುಡ್ಡದ ಕಡೆ, ಮೋಡ ಕಪ್ಪಗೆ ಕಟ್ಟುತ್ತಿತ್ತು. ಅಲ್ಲಿ ಬಿದ್ದ ಮಳೆ ಮೂರು ತಾಸಿಗೆ ನಮ್ಮ ಹಳ್ಳಕ್ಕೆ ಬರುತ್ತದೆ.

ತಿಳಿಯದವರಿಗೆ ಹೇಳುತ್ತೇನೆ. ಇದು ನೀರು ತುಂಬಿಡುವ ಕೆರೆಯಲ್ಲ. ಗುಡ್ಡದ ನೀರು ಒಮ್ಮೆಲೇ ನುಗ್ಗಿದರೆ ತಡೆದು, ತಳದ ಪೈಪಿನಿಂದ ಸಾವಕಾಶ ಬಿಡುವ ಒಡ್ಡು. ಆ ಪೈಪಿಗೆ ಗೇಟೇ ಇಲ್ಲ, ಯಾರೂ ಮುಚ್ಚಬಾರದು ಅಂತಲೇ ಇಟ್ಟಿಲ್ಲ. ಖಾಲಿ ಇರುವುದೇ ಅದರ ಕೆಲಸ. ಈಗ ಅದು ಕುತ್ತಿಗೆತನಕ ತುಂಬಿತ್ತು. ಪೈಪಿನ ಬಾಯಿ ಹನ್ನೆರಡು ಅಡಿ ನೀರಿನ ಕೆಳಗೆ. ಒಡ್ಡಿನ ಈ ಕಡೆ, ಕೂಗಿದರೆ ಕೇಳುವಷ್ಟು ಹತ್ತಿರ, ಬನ್ನಿಗಿಡದ ಓಣಿಯ ನಲವತ್ತು ಮನೆ. ಅದರಲ್ಲೊಂದು ನನ್ನ ತಂಗಿ ಕೆಂಪವ್ವನದು.

"ವಾರವಾರದ ದಾಖಲೆ ಎಲ್ಲಿಂದ ತರ್ಲಿ ನಾನು?" ಆಮ್ರಪಾಲಿ ಫೋನು ಚೀಲಕ್ಕೆ ಒಗೆದಳು. "ಬೀರಸಿದ್ದಪ್ಪನ ವಹಿಯಾಗ ಅರ್ಧ ಹಾಳಿ ಖಾಲಿ."

"ಅಂವ ವಹಿಯಾಗ ಬರಿಯೂದಿಲ್ಲ ತಂಗಿ," ಅಂದೆ. "ಬಾ, ತೋರಸ್ತೇನಿ."

ಕಾವಲು ಕೋಣೆ ಒಡ್ಡಿನ ಬಲತುದಿಗೆ ಇದೆ. ಒಂದೇ ಬಾಗಿಲು, ಸರಳಿನ ಒಂದು ಕಿಟಕಿ, ಮೇಲೆ ತಗಡು. ಕಿಟಕಿಯ ಒಳಗಟ್ಟೆಯ ಮೇಲೆ ಹನ್ನೆರಡು ಬಾಟ್ಲಿ ಸಾಲಾಗಿ ನಿಂತಿದ್ದವು.

ನಾನು ಕಲಿತದ್ದು ಎರಡನೇ ಇಯತ್ತೆ. ಸಾಹೇಬರು ಕೊಟ್ಟ ವಹಿ ನೋಡಿದರೆ ಬೆವರು ಬರುತ್ತಿತ್ತು. ಅದಕ್ಕೆ ನನ್ನದೇ ಒಂದು ದಾರಿ ಮಾಡಿಕೊಂಡಿದ್ದೆ. ಮಳೆಗಾಲ ಹಿಡಿದ ಮೇಲೆ ಪ್ರತಿ ಸೋಮವಾರ ಸೋರುವ ನೀರು ಒಂದು ಬಾಟ್ಲಿ ಹಿಡಿದು, ಕೊರಳಿಗೆ ದಾರ ಕಟ್ಟಿ ಇಡುವುದು. ಮೊದಲ ವಾರಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು. ಕೂತ ಮಣ್ಣು ವಾರದಿಂದ ವಾರಕ್ಕೆ ಏರಿತೋ ಇಳಿಯಿತೋ ಕುರುಡನಿಗೂ ತಿಳಿಯುತ್ತದೆ. ಬಾಟ್ಲಿ ಮಾತ್ರ ಹಾದಿಯಲ್ಲಿ ಕುಡುಕರು ಒಗೆದವು. ಹನಿ ಮುಟ್ಟದ ನನಗೆ ಊರು ಬಾಟ್ಲಿ ಮಾಲಿಂಗ ಅಂತ ಹೆಸರಿಟ್ಟಿತು. ಬೀರಸಿದ್ದಪ್ಪನಿಗೆ ನಾನು ಬಿಟ್ಟುಕೊಟ್ಟ ಆಸ್ತಿ ಅಂದರೆ ಇದೊಂದೇ. ಅವನು ಕುರುಬರ ಹುಡುಗ. ದಾರಕ್ಕೆ ತನ್ನ ಕಂಬಳಿಯ ಅಂಚಿನ ಕರಿ ಎಳೆ ಕಿತ್ತು ಕಟ್ಟುತ್ತಿದ್ದ.

ಆಮ್ರಪಾಲಿ ಒಂದೊಂದೇ ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದಳು.

ಹನ್ನೆರಡೂ ತಿಳಿ. ಕುಡಿಯಬಹುದು ಅನ್ನುವಷ್ಟು.

"ಮುಗೀತ್ರಿ," ಅಂದು ಅಲ್ಲೇ ಕೂತಳು. "ಇದನ್ನ ಒಯ್ದು ತೋರಿಸಿದ್ರ ಸಾಹೇಬ್ರು ಒಡ್ಡಿಗೆ ಹಾರ ಹಾಕಿ ಸತ್ಕಾರ ಮಾಡ್ತಾರ."

ನಾನು ದಾರ ನೋಡುತ್ತಿದ್ದೆ. ಕರಿ ಎಳೆಯಲ್ಲ. ಗೊಬ್ಬರದ ಚೀಲದ ಬಾಯಿ ಹೊಲಿದ ಬಿಳಿ ದಾರ. ಗಂಟಿನ ಲೆಕ್ಕ ಸರಿಯಾಗಿತ್ತು, ಒಂದರಿಂದ ಹನ್ನೆರಡು. ಆದರೆ ಕಟ್ಟಿದ ಕೈ ಬೇರೆ.

"ಯಾರೋ ತೊಳದು ಬ್ಯಾರೆ ನೀರು ತುಂಬ್ಯಾರ," ಅಂದೆ.

ಅವಳು ಎದ್ದು ನಿಂತಳು. "ಗೊಬ್ಬರ ಚೀಲದ ದಾರ. ಈ ಸುತ್ತ ಮೂವತ್ತೆಕರೆ ಕಬ್ಬು ಯಾರದು? ದುಂಡೇಶಂದು. ಪೈಪು ಮುಚ್ಚಿದ್ದೂ ಅಂವನ. ನಾ ಮೊದಲ ದಿನದಿಂದ ಹೇಳಾಕತ್ತೇನಿ."

"ಇರಬಹುದು," ಅಂದೆ.

ಅದು ಸುಳ್ಳು. ಆ ಗಂಟನ್ನು ನಾನು ಆಗಲೇ ಗುರುತು ಹಿಡಿದಿದ್ದೆ. ಎರಡು ಸುತ್ತು ಹಾಕಿ, ತುದಿಯನ್ನು ಹಿಂದಕ್ಕೆಳೆದು ಒಳಗೆ ಮುಚ್ಚಿದ ಗಂಟು. ಕೌದಿ ಹೊಲಿಯುವವರ ಗಂಟು ಅದು, ಮಲಗಿದವರ ಮೈಗೆ ಚುಚ್ಚಬಾರದಂತ ತುದಿ ಒಳಗಿರುತ್ತದೆ. ಎಲ್ಲರೂ ಎಡಕ್ಕೆ ಸುತ್ತುತ್ತಾರೆ. ನಮ್ಮವ್ವ ಎಡಗೈಯವಳು, ಬಲಕ್ಕೆ ಸುತ್ತುತ್ತಿದ್ದಳು. ಅವಳಿಂದ ಅದನ್ನು ಕಲಿತವರು ಒಬ್ಬರೇ. ಆ ಹೆಸರು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

ಆಮ್ರಪಾಲಿ ಬಾಗಿಲಿಗೆ ತಾನು ತಂದಿದ್ದ ಹೊಸ ಕೀಲಿ ಹಾಕಿ ಎರಡು ಸಲ ಜಗ್ಗಿ ನೋಡಿದಳು. "ಇನ್ನ ಯಾರೂ ಮುಟ್ಟಬಾರದು."

ದುಂಡೇಶನ ಹೊಲ ಒಡ್ಡಿನ ಆ ಮಗ್ಗುಲಿಗೆ, ನೀರು ನಿಂತ ಕಡೆ. ಬದುವಿನ ಮೇಲೆ ಮೋಟರ್‌ಸೈಕಲ್ಲು ನಿಲ್ಲಿಸಿ, ಅದರ ಸೀಟಿನ ಮೇಲೆ ಥರ್ಮಾಸು ಇಟ್ಟುಕೊಂಡು ನಿಂತಿದ್ದ. ಐದಾರು ಹೆಂಗಸರು ಕಬ್ಬಿನ ಸಾಲಿನಲ್ಲಿ ಕುರ್ಚಗಿ ಹಿಡಿದು ಕಸ ತೆಗೆಯುತ್ತಿದ್ದರು.

"ಬರ್ರಿ ಮೇಡಂ. ಬಾ ಕಾಕಾ. ಇವತ್ತ ಎಷ್ಟ ಬಾಟ್ಲಿ ಆದುವು?"

ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು.

"ಹನ್ನೆರಡು," ಅಂದೆ.

"ಹಂಗಾರ ಚಹಾ ಬೇಕ ಬೇಕು." ನನಗೆ ಸ್ಟೀಲಿನ ಲೋಟದಲ್ಲಿ ಬಗ್ಗಿಸಿದ. ಆಮ್ರಪಾಲಿಗೆ ಕಿಸೆಯಿಂದ ಕಾಗದದ ಕಪ್ಪು ತೆಗೆದ.

ಅವಳು ಕಪ್ಪನ್ನು ತಿರುಗಿಸಿ ನೋಡಿದಳು. "ಚಲೋ ಆತು ಬಿಡ್ರಿ, ನಿಮಗ ತೊಳಿಯೂ ತ್ರಾಸಿಲ್ಲ. ಪೈಪು ಯಾವಾಗ ಮುಚ್ಚಿದ್ರಿ ದುಂಡೇಶ ಅವ್ರ?"

ದುಂಡೇಶನ ನಗು ಅರ್ಧಕ್ಕೆ ನಿಂತಿತು. "ನನಗ ಐದು ಬೋರ್ ಅದಾವ. ಕಾಲುವಿ ನೀರ ಐತಿ. ಈ ಹೊಂಡದ ನೀರು ಕಟ್ಟಿಕೊಂಡು ನಾ ಏನ್ ಮಾಡ್ಲಿ? ಆ ಕಡೆ ನೋಡ್ರಿ."

ತೋರಿಸಿದ ಕಡೆ ಎರಡೆಕರೆ ಕಬ್ಬು ಸೊಂಟದಮಟ ನೀರಿನಲ್ಲಿ ನಿಂತು ಹಳದಿ ತಿರುಗಿತ್ತು. ಬೇರು ಕೊಳೆತ ವಾಸನೆ ಗಾಳಿಯಲ್ಲಿತ್ತು.

"ಒಡ್ಡು ತುಂಬಿ ಮುಳುಗಿದ್ದು ನನ್ನ ಕಬ್ಬು. ಮುಚ್ಚಿದವ್ರು ಸಿಕ್ಕಿದ್ರ ಮೊದಲ ನಾನ ಕೇಳವ."

"ಮತ್ತ ಯಾಕ ತಕರಾರು ಕೊಡಲಿಲ್ಲ?"

ಅವನು ಹೆಂಗಸರ ಕಡೆ ನೋಡಿ, ಕಣ್ಣು ತೆಗೆದು ಮೋಡದ ಕಡೆ ಇಟ್ಟ. "ಊರಾಗ ಬಾಳೇ ಮಾಡಬೇಕಲ್ರಿ."

ಆಮ್ರಪಾಲಿಯ ಕೈಯಲ್ಲಿ ಕಾಗದದ ಕಪ್ಪು ನಜ್ಜಾಯಿತು. ನಾಲ್ಕು ತಿಂಗಳಿಂದ ಅವಳು ಹಿಡಿದಿದ್ದ ಎಳೆ ಕಣ್ಣೆದುರಿಗೇ ಕಡಿದು ಬಿದ್ದಿತ್ತು.

ನಾನು ಲೋಟ ಕೆಳಗಿಟ್ಟೆ. ಇನ್ನು ಸುಮ್ಮನಿದ್ದರೆ ಆಗುತ್ತಿರಲಿಲ್ಲ.

"ಕೆಂಪವ್ವಾ," ಅಂದೆ, ಕಬ್ಬಿನ ಸಾಲಿನ ಕಡೆ ತಿರುಗಿ. "ಅವ್ವ ಕೌದಿ ಗಂಟು ಯಾವ ಕಡೆ ಸುತ್ತತಿದ್ಲು?"

ಕುರ್ಚಗಿಗಳು ನಿಂತವು. ಸಾಲಿನ ನಡುವಿನಿಂದ ನನ್ನ ತಂಗಿ ಸೊಂಟ ಹಿಡಿದು ಎದ್ದಳು. ಅರವತ್ತೆಂಟು ವರ್ಷದ ಸೊಂಟ. ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡು, ನನ್ನನ್ನು ಬಿಟ್ಟು ಆಮ್ರಪಾಲಿಯನ್ನು ನೋಡಿದಳು.

"ದುಂಡೇಶನ್ನ ಯಾಕ ಕಾಡಸ್ತಿ ತಂಗಿ. ಮುಚ್ಚಿದಾಕಿ ನಾನು. ನಾ ಒಬ್ಬಾಕಿ ಅಲ್ಲ, ಇಡೀ ಓಣಿ. ಬ್ಯಾಸಗ್ಯಾಗ ಒಡ್ಡು ಒಣಗಿತ್ತಲ್ಲ, ಇಪ್ಪತ್ತು ಚೀಲ ಎರಿಮಣ್ಣು ತುಂಬಿ ಪೈಪಿನ ಬಾಯಿಗೆ ತುರುಕೇವಿ. ಬಾಟ್ಲಿ ತೊಳದಾಕೀನೂ ನಾನ."

ಆಮ್ರಪಾಲಿ ಒಡ್ಡಿನ ಕಡೆ ಕೈ ಮಾಡಿದಳು. "ಒಡ್ಡು ಹೋದ್ರ ಮೊದಲ ಹೋಗೂದು ನಿಮ್ಮ ಮನಿ ಐತ್ರಿ ಯವ್ವಾ."

"ನಲವತ್ತು ವರ್ಷ ಎರಡು ಮೈಲಿ ಕೊಡ ಹೊತ್ತೇನಿ. ಕಣ್ಣ ಮುಂದ ಹಳ್ಳದ ನೀರು ಹಾದು ಹೋಗತಿತ್ತು. ಅದನ್ನ ನೋಡ್ಕೋತ ಸುಮ್ಮ ಕುಂದರು ಅಂತ ನಿಮ್ಮ ಕಾಗದ ಹೇಳತೈತಿ. ಈ ವರ್ಷ ನನ್ನ ಬಾವ್ಯಾಗ ಬಗ್ಗಿದ್ರ ಕೈಗೆ ನೀರು ಸಿಗತೈತಿ. ನೀವು ಸೋರತೈತಿ ಅಂತೀರಿ. ನಮಗ ಅದ ಗಂಗವ್ವ."

"ಬಾಟ್ಲಿ ಯಾಕ ತೊಳದಿ?" ನಾನು ಕೇಳಿದೆ.

"ಮಣ್ಣು ಕಂಡ್ರ ನೀವು ಒಡ್ಡು ಖಾಲಿ ಮಾಡ್ತೀರಿ. ಅದಕ್ಕ ನನ್ನ ಬಾವಿ ನೀರ ತುಂಬಿಟ್ಟೆ. ಗಂಟು ತಪ್ಪಿಲ್ಲಲ್ಲ?"

"ತಪ್ಪಿಲ್ಲ. ಲೆಕ್ಕ ಬರೋಬ್ಬರಿ ಐತಿ."

"ಇನ್ನೇನ ಮತ್ತ."

ನನ್ನ ಸಿಟ್ಟು ಎಲ್ಲಿ ಕೂರಬೇಕೋ ತಿಳಿಯದೆ ಎದೆಯಲ್ಲೇ ಸುತ್ತುತ್ತಿತ್ತು. ಕಳ್ಳನನ್ನು ಹಿಡಿದರೆ ಬಯ್ಯಬಹುದು. ನೀರಿಗಾಗಿ ಕೊರಳು ಕೊಟ್ಟವಳನ್ನು ಹೇಗೆ ಬಯ್ಯುವುದು?

"ಕೆಂಪವ್ವಾ, ಮೋಡ ನೋಡು. ಇವತ್ತ ಒಂದ ದಿನ ಓಣಿಯವ್ರನ್ನೆಲ್ಲಾ ಕರಕೊಂಡು ದಿಬ್ಬದ ಮ್ಯಾಲಿನ ಕನ್ನಡ ಸಾಲಿಗೆ ಹೋಗ್ರಿ. ಕೋಳಿ ಕುರಿ ಸುದ್ದಾ."

"ಅರವತ್ತು ವರ್ಷದಾಗ ಈ ಒಡ್ಡು ಎಷ್ಟ ಮೋಡ ನೋಡಿಲ್ಲಣ್ಣಾ. ಹೋದ ವರ್ಷ ಎಬ್ಬಿಸಿದ್ರಿ, ಬರೇ ಜಿಟಿಜಿಟಿ ಬಂತು. ಸಾಲ್ಯಾಗ ಮಲಗಿ ಬರೂದರಾಗ ಗೌರಕ್ಕನ ಎರಡ ಕೋಳಿ ನಾಯಿ ಪಾಲಾದುವು. ಮತ್ತ ಏಳಂದ್ರ ಯಾರ ಏಳ್ತಾರ?"

"ಈಗ ಮಣ್ಣು ಬರಾಕತ್ತೈತಿ."

"ಕೆಂಪು ಬರತೈತಿ. ನಾನೂ ನೋಡೇನಿ. ಕೆಂಪು ಮ್ಯಾಲಿನ ಅಂಗಿ, ಒಳಗ ಹಳದಿ ಐತಿ, ಅದು ನಾ ತುಳದ ಮಣ್ಣು ಅಂತ ಸಣ್ಣಾಕಿದ್ದಾಗಿಂದ ಹೇಳಿ ಹೇಳಿ ನನ್ನ ಕಿವಿ ತುಂಬಿದಾಂವ ಯಾರು? ನೀ ತುಳದದ್ದು ಅಂತ ಅಲ್ಲೇನ ನಾ ಅದರ ಕೆಳಗ ಮಲಗೂದು?" ಅವಳ ದನಿ ಅಲ್ಲಿ ಒಂಚೂರು ತಗ್ಗಿತು. "ಹಳದಿ ಬಂದ ದಿನ ಬಂದು ಹೇಳು. ಓಣೀನ ನಾನ ಎಬ್ಬಸ್ತೇನಿ. ಕೌದಿ ಸುತಗೊಂಡು ಮುಂದ ನಡೀತೇನಿ."

ನನ್ನ ಹೆಮ್ಮೆಯ ಮಾತೇ ತಿರುಗಿ ನನ್ನ ದಾರಿಗೆ ಅಡ್ಡ ನಿಂತಿತ್ತು.

ಆಮ್ರಪಾಲಿ ಕೇಳಿದಳು: "ಬೀರಸಿದ್ದಪ್ಪ ಎಲ್ಲಿ ಅದಾನ್ರಿ?"

"ಗೊತ್ತಿಲ್ಲ. ಹೋದ ಸೋಮವಾರ ಸಂಜೀಕ ನಾವು ಬಾಟ್ಲಿ ತೊಳಿಯೂದನ್ನ ಕಂಡು ಭಾಳ ಒದರಾಡಿದ. 'ತೊಳೀರಿ, ಎಷ್ಟ ತೊಳಿತೀರಿ ತೊಳೀರಿ. ಬುಡಕ್ಕ ಸೋರೂದು ದೊಡ್ಡದಲ್ಲ. ನಾ ಇನ್ನೊಂದು ಜಾಗಾ ನೋಡೇನಿ' ಅಂದ. ಎಲ್ಲಿ ಅಂತ ಹೇಳಲಿಲ್ಲ. ಒಡ್ಡಿನ ಮ್ಯಾಲ ಹ್ವಾದ. ಮತ್ತ ಕಂಡಿಲ್ಲ."

"ಖರೇನಾ?" ಅಂದೆ.

"ಅವ್ವನ ಆಣಿ."

ಹಿಂದೆ ಏನೋ ಚೆಲ್ಲಿದ ಸಪ್ಪಳ. ದುಂಡೇಶ ಥರ್ಮಾಸಿನಿಂದ ಬಗ್ಗಿಸುತ್ತಿದ್ದ ಚಹಾ ಲೋಟ ತುಂಬಿ ಅವನ ಕೈಮೇಲೆ ಹರಿಯುತ್ತಿತ್ತು. ಬಿಸಿ ಚಹಾ. ಅವನಿಗೆ ಅದು ಗೊತ್ತೇ ಆಗಿರಲಿಲ್ಲ. ಇನ್ನೊಂದು ಜಾಗ ಅನ್ನುವ ಮಾತು ಬಂದಾಗಿನಿಂದ ಅವನು ಕೆಂಪವ್ವನ ಬಾಯಿಯನ್ನೇ ನೋಡುತ್ತ ನಿಂತಿದ್ದ.

ನಾನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ. ಆಗಲೇ ಕೇಳಿದ್ದರೆ ಅವನು ಮತ್ತೊಂದು ಸುಳ್ಳಿಗೆ ತಯಾರಾಗುತ್ತಿದ್ದ, ಅಷ್ಟೇ.

ತಿರುಗಿ ಒಡ್ಡಿನ ಮೇಲೆ ಬರುವಾಗ ಆಮ್ರಪಾಲಿ ನನಗಿಂತ ಮುಂದೆ ನಡೆದಿದ್ದಳು. ಅರ್ಧ ದಾರಿಗೆ ನಿಂತು ಕೇಳಿದಳು: "ಗಂಟು ನೋಡಿದಾಗ ನಿಮಗ ಗೊತ್ತಾಗಿತ್ತಲ್ರಿ?"

"ಗೊತ್ತಾಗಿತ್ತು."

"ನನಗ ಹೇಳಿದ್ರ ಒಂದು ತಾಸು ಉಳೀತಿತ್ತು ಮುತ್ಯಾ."

"ತಪ್ಪಾತು ತಂಗಿ. ದುಂಡೇಶ ಆಗಿರಲಿ ಅಂತ ಬೇಡ್ಕೋತ ನಡದಿದ್ದೆ."

ಅವಳು ಸಿಟ್ಟಾಗಿಯೇ ಇದ್ದಳು. ಆದರೂ ಕಲ್ಲು ಬಂದ ಕಡೆ ನನ್ನ ಮೊಣಕೈ ಹಿಡಿದು ದಾಟಿಸಿದಳು.

ಮೊದಲ ಗಾಳಿ ಬಂತು, ಹಸಿ ಮಣ್ಣಿನ ವಾಸನೆಯ ಗಾಳಿ. ಯಮಕನಮರಡಿ ಗುಡ್ಡ ಕಾಣುತ್ತಿರಲಿಲ್ಲ. ಅಲ್ಲಿ ಮಳೆ ಇಳಿದಾಗಿತ್ತು.

ಕೋಣೆಯ ಕೀಲಿ ಹಾಕಿದ ಹಾಗೇ ಇತ್ತು. ಆಮ್ರಪಾಲಿ ತೆಗೆದಳು. ಬಾಟ್ಲಿಗಳನ್ನು ಇಲ್ಲೇ ಬಿಡದೆ ಹುಕ್ಕೇರಿಗೆ ಒಯ್ಯಬೇಕು, ಕೆಂಪವ್ವನ ಹೇಳಿಕೆ ಬರೆಸಿಕೊಳ್ಳಬೇಕು ಅನ್ನುತ್ತ ಒಳಗೆ ಹೋದವಳು ಕಿಟಕಿಯ ಮುಂದೆ ನಿಂತುಬಿಟ್ಟಳು.

"ಮುತ್ಯಾ. ಎಣಸ್ರಿ."

ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.

ಹದಿಮೂರು.

ಕೊನೆಯ ಬಾಟ್ಲಿಯ ಕೊರಳಿಗೆ ಕರಿ ಎಳೆ. ಕಂಬಳಿಯ ಉಣ್ಣೆ. ಬೆರಳಿನಲ್ಲಿ ತಡವಿದೆ, ಹದಿಮೂರು ಗಂಟು. ಕಿಟಕಿಯ ಸರಳಿನ ನಡುವೆ ಕೈ ಹಾಯುತ್ತದೆ. ಹೊರಗಿನಿಂದಲೇ ಇಟ್ಟಿದ್ದ.

"ಇವತ್ತ ಸೋಮವಾರ," ಅಂದೆ. "ಅಂವ ಸೋಮವಾರ ತಪ್ಪಿಸಿಲ್ಲ."

"ಅಂದ್ರ ಬೀರಸಿದ್ದಪ್ಪ ಜೀವಂತ ಅದಾನ."

"ನೀರು ನೋಡು. ಇನ್ನೂ ಕಲಕೈತಿ. ತುಂಬಿ ಅರ್ಧ ತಾಸೂ ಆಗಿಲ್ಲ."

ಬಾಟ್ಲಿಯನ್ನು ನೆಲದ ಮೇಲಿಟ್ಟು ಇಬ್ಬರೂ ಅದರ ಮುಂದೆ ಕೂತೆವು, ಬೆಳಿಗ್ಗೆ ಕೂತ ಹಾಗೇ. ಈ ಸಲ ಅವಳು ಗಡಿಯಾರ ನೋಡಲಿಲ್ಲ. ತಗಡಿನ ಮೇಲೆ ಹನಿ ಟಪ್ ಅಂತ ಒಂದು ಬಿತ್ತು, ಸ್ವಲ್ಪ ತಡೆದು ಇನ್ನೊಂದು.

ಮೇಲಿನ ನೀರು ಸಾವಕಾಶ ತಿಳಿಯಾಯಿತು. ತಳದಲ್ಲಿ ಮಣ್ಣು ಕೂತಿತು. ಉಗುರಿನಷ್ಟಲ್ಲ, ಎರಡು ಬೆರಳು.

ನಾನು ಬಾಟ್ಲಿಯನ್ನು ಓರೆ ಮಾಡಿ, ಆ ಮಣ್ಣನ್ನು ಅಂಗೈಗೆ ಸುರಿದು ತಿಕ್ಕಿದೆ. ಬೆಣ್ಣೆಯ ಹಾಗೆ ನುಣುಪು. ಹರಳಿಲ್ಲ. ಅರವತ್ತು ವರ್ಷದ ಹಿಂದೆ ನನ್ನ ಕಾಲ ಬೆರಳ ಸಂದಿಯಲ್ಲಿ ಹೊಕ್ಕಿದ್ದ ಅದೇ ಮಣ್ಣು.

ಹಳದಿ.

"ಒಡ್ಡಿನ ಹೊಟ್ಟಿ ಕಡದೈತಿ," ಅಂದೆ. "ಆದ್ರ ಬುಡದಾಗ ಅಲ್ಲ. ಬ್ಯಾರೆ ಎಲ್ಲೋ. ಅದು ಅಂವಗೊಬ್ಬನಿಗೆ ಗೊತ್ತು."

ಆಮ್ರಪಾಲಿ ಫೋನು ತೆಗೆದಿದ್ದಳು. "ನೀವು ಓಣಿಗೆ ಹೋಗ್ರಿ. ಕೆಂಪವ್ವ ಮಾತು ಕೊಟ್ಟಾರ. ಕೈ ತೊಳೀಬ್ಯಾಡ್ರಿ, ಹಾಂಗ ತೋರಸ್ರಿ. ನಾ ಬೀರಸಿದ್ದಪ್ಪನ್ನ ಹುಡುಕ್ತೇನಿ."

ಹಳದಿ ಅಂಗೈ ಚಾಚಿಕೊಂಡೇ ಹೊರಗೆ ಬಂದೆ. ಕಿಟಕಿಯ ಹೊರಗೋಡೆಯ ಕೆಳಗೆ ಮೆತ್ತನೆ ನೆಲ. ಅಲ್ಲಿ ಬರಿಗಾಲಿನ ಹೆಜ್ಜೆ ಮೂಡಿದ್ದವು, ಹಳದಿ ಮೆತ್ತಿದ ಹೆಜ್ಜೆ. ಒಡ್ಡಿನ ಕಡೆಯಿಂದ ಕಿಟಕಿಗೆ ನೆಟ್ಟಗೆ ಬಂದಿದ್ದವು. ಎಡಗಾಲು ಎಳೆದ ಗುರುತು ಉದ್ದಕ್ಕೂ ಇತ್ತು.

ನಾನು ಬಗ್ಗಿ ಗೋಡೆಯ ಸುತ್ತ ನೋಡಿದೆ. ಆಮೇಲೆ ಆಮ್ರಪಾಲಿಯನ್ನು ಕೈಸನ್ನೆಯಲ್ಲೇ ಕರೆದೆ.

ಬಂದ ಹೆಜ್ಜೆ ಇದ್ದವು. ತಿರುಗಿ ಹೋದ ಹೆಜ್ಜೆ ಒಂದೂ ಇರಲಿಲ್ಲ.